ಒಂದು ಹಲ್ಲು ಹೋದರೆ ಎರಡು ಹಲ್ಲು ತೇಯಬೇಕೆ?

ಮಕ್ಕಳ ಮುಂಬಲ್ಲು ಬಿದ್ದಾಗ ಪಾಲಕರು ಅವಸರದಲ್ಲಿ ಕೈಗೊಳ್ಳುವ ತೀರ್ಮಾನದ ಫಲವನ್ನು ಆ ಮಕ್ಕಳು ಬಾಳಿನುದ್ದಕ್ಕೂ ಅನುಭವಿಸಬೇಕಾಗುತ್ತದೆ. ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಹಾನಿಯಾಗದಂತೆ ಕೃತಕ ಹಲ್ಲನ್ನು ಕೂಡಿಸುವ ಮಾರ್ಗಗಳ ಕುರಿತು ನಮ್ಮ ಗಡಿಭಾಗದ ಕುಟುಂಬಗಳಿಗಾಗಿ ಈ ಲೇಖನ.

ತ, ಥ, ದ, ಧ, ನ ಇವು ದಂತ್ಯಾಕ್ಷರಗಳೆಂದು ನಮ್ಮ ಮಕ್ಕಳು ವ್ಯಾಕರಣದ ಪಾಠದಲ್ಲಿ ಕಲಿಯುತ್ತಾರೆ. ಸಕಾರವೂ ಇದೇ ಗುಂಪಿಗೆ ಸೇರಿದ್ದು. ನಾಲಿಗೆಯ ತುದಿಯು ಮೇಲಿನ ಹಲ್ಲುಗಳ ಆಸರೆ ಪಡೆದಾಗ ಈ ಧ್ವನಿಗಳು ಸ್ಪಷ್ಟವಾಗುತ್ತವೆ. ಮುಂದಿನ ಒಂದೇ ಹಲ್ಲು ಇಲ್ಲವಾದರೂ ಗಾಳಿ ಆ ಸಂದಿಯಿಂದ ನುಸುಳಿ, ಸಕಾರವು ಸೀಟಿಯಂತೆ ಕೇಳಿಸತೊಡಗುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದ ಮಗು ಓದಲು ಹಿಂಜರಿಯುತ್ತದೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಹೆಣ್ಣುಮಗಳಾದರೆ ಮನೆಯ ಹಿರಿಯರಿಗೆ ನಾಳಿನ ಸಂಬಂಧದ ಚಿಂತೆಯೂ ಸೇರಿಕೊಳ್ಳುತ್ತದೆ. ಹೇಗಾದರೂ ಮಾಡಿ ಬೇಗ ಹಲ್ಲು ಕಟ್ಟಿಸಿಬಿಡೋಣ ಎಂಬ ಅವಸರ ಹುಟ್ಟುವುದು ಇಲ್ಲಿಂದಲೇ.

ಈ ಅವಸರದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೋದ ಹಲ್ಲಿನ ಜಾಗವನ್ನು ತುಂಬುವುದಕ್ಕಾಗಿ, ಇರುವ ಹಲ್ಲುಗಳನ್ನು ಎಷ್ಟರಮಟ್ಟಿಗೆ ಕಳೆದುಕೊಳ್ಳಬೇಕಾಗುತ್ತದೆ? ಉತ್ತರವು ಆರಿಸಿಕೊಳ್ಳುವ ವಿಧಾನವನ್ನು ಅವಲಂಬಿಸಿದೆ.

ಬಿದ್ದ ಹಲ್ಲೇ ಮೊದಲ ಆಯ್ಕೆ

ಯಾವ ಕೃತಕ ಹಲ್ಲೂ ಮಗುವಿನ ಸ್ವಂತ ಹಲ್ಲಿಗೆ ಸಾಟಿಯಲ್ಲ. ಮೇಲ್ದವಡೆಯ ನಡುವಿನ ಎರಡು ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ ಏಳೆಂಟನೆಯ ವಯಸ್ಸಿನಲ್ಲಿ ಹುಟ್ಟುತ್ತವೆ. ಕಬಡ್ಡಿಯಾಡುವಾಗ, ಸೈಕಲ್ಲಿನಿಂದ ಬಿದ್ದಾಗ, ಕೈಪಂಪಿನ ಹಿಡಿಕೆ ಬಡಿದಾಗ ಅವು ಬೇರುಸಹಿತ ಹೊರಬರುವುದುಂಟು. ಆಗ ಮೊದಲ ಒಂದು ಗಂಟೆಯೊಳಗೆ ಮಾಡುವ ಕೆಲಸವೇ ಮುಂದಿನದನ್ನು ನಿರ್ಧರಿಸುತ್ತದೆ.

ಹಲ್ಲನ್ನು ಬಿಳಿಯ ಭಾಗದಲ್ಲಿ ಹಿಡಿದೆತ್ತಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಮಣ್ಣು ಅಂಟಿದ್ದರೆ ಹಾಲಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಬೇಕು. ಸಾಧ್ಯವಾದರೆ ಅಲ್ಲಿಯೇ ಅದರ ಗೂಡಿಗೆ ಹಿಂದಿರುಗಿಸಿ, ಮಗುವಿಗೆ ಶುಭ್ರ ಬಟ್ಟೆಯೊಂದನ್ನು ಕಚ್ಚಿಕೊಳ್ಳಲು ಹೇಳಬೇಕು. ಧೈರ್ಯ ಸಾಲದಿದ್ದರೆ ಹಲ್ಲನ್ನು ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಕೂಡಲೇ ದಂತವೈದ್ಯರಲ್ಲಿಗೆ ಧಾವಿಸಬೇಕು. ನೀರಿನಲ್ಲಿ ಇಡುವುದಾಗಲಿ, ಕರವಸ್ತ್ರದಲ್ಲಿ ಸುತ್ತಿ ಒಣಗಿಸುವುದಾಗಲಿ ಸಲ್ಲದು. ಬೇರಿನ ಮೇಲಿರುವ ಸೂಕ್ಷ್ಮ ಜೀವಕೋಶಗಳು ಒಣಗಿದರೆ ಸಾಯುತ್ತವೆ; ಒಂದು ಗಂಟೆ ಒಣಗಿದ ಹಲ್ಲಿನಲ್ಲಿ ಅವು ಉಳಿದಿರುವುದಿಲ್ಲ. ಈ ಕ್ರಮವು ಶಾಶ್ವತ ಹಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಹಾಲುಹಲ್ಲು ಬಿದ್ದರೆ ಅದನ್ನು ಮತ್ತೆ ಕೂಡಿಸಬಾರದು. ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅದರಿಂದ ಧಕ್ಕೆಯಾಗುತ್ತದೆ.

ಹಲ್ಲು ಸಿಗಲೇ ಇಲ್ಲ, ಅಥವಾ ಹುಟ್ಟಿನಿಂದಲೇ ಆ ಹಲ್ಲು ಮೂಡಲಿಲ್ಲ ಎಂದಾದಾಗ ಉಳಿದ ಮಾರ್ಗಗಳ ವಿಚಾರ ಬರುತ್ತದೆ.

ತೇಯ್ದು ಕಟ್ಟುವ ಸೇತುವೆ

ಮಕ್ತಲದಿಂದ ರಾಯಚೂರಿಗೆ ಹೋಗುವವರು ಕೃಷ್ಣೆಯ ಸೇತುವೆಯನ್ನು ದಾಟುತ್ತಾರೆ. ನದಿಯ ಮೇಲೆ ಸೇತುವೆ ನಿಲ್ಲಬೇಕಾದರೆ ಕಂಬಗಳು ಬೇಕು. ಬಾಯಲ್ಲಿಯೂ ಹಾಗೆಯೇ. ನಾವು ರೂಢಿಯಲ್ಲಿ ಬ್ರಿಡ್ಜ್ ಎನ್ನುವ ವಿಧಾನದಲ್ಲಿ ಹೋದ ಹಲ್ಲಿನ ಎಡಬಲದ ಎರಡು ಹಲ್ಲುಗಳನ್ನು ಸುತ್ತಲೂ ತೇಯ್ದು ಗೂಟಗಳಂತೆ ಮಾಡಲಾಗುತ್ತದೆ. ಅವುಗಳ ಮೇಲೆ ಎರಡು ಕ್ಯಾಪ್‌ಗಳು, ಅವೆರಡರ ನಡುವೆ ಕೃತಕ ಹಲ್ಲು. ಹೀಗೆ ಮೂರೂ ಒಂದೇ ಅಖಂಡ ತುಣುಕಾಗಿ ಕೂರುತ್ತವೆ.

ಇದು ಗಟ್ಟಿಯಾದ, ಬಹುಕಾಲದಿಂದ ಪರೀಕ್ಷೆಗೊಳಗಾದ ವಿಧಾನ. ಹತ್ತು ವರ್ಷಗಳ ತರುವಾಯವೂ ಹತ್ತರಲ್ಲಿ ಸುಮಾರು ಒಂಬತ್ತು ಬ್ರಿಡ್ಜ್‌ಗಳು ಬಾಯಲ್ಲಿ ಉಳಿದಿರುತ್ತವೆಂದು ಅಧ್ಯಯನಗಳು ಹೇಳುತ್ತವೆ. ಪಕ್ಕದ ಹಲ್ಲುಗಳು ಮೊದಲೇ ಹುಳುಕಾಗಿದ್ದರೆ, ದೊಡ್ಡ ತುಂಬುವಿಕೆ ಹೊಂದಿದ್ದರೆ ಅಥವಾ ಬೇರಿನ ಚಿಕಿತ್ಸೆ ಪಡೆದಿದ್ದರೆ, ಅವುಗಳಿಗೆ ಹೇಗಿದ್ದರೂ ಕ್ಯಾಪ್ ಬೇಕಾಗುತ್ತದೆ. ಅಂಥಲ್ಲಿ ಈ ಬ್ರಿಡ್ಜ್ ಯೋಗ್ಯವಾದುದೇ.

ಆ ಹಲ್ಲುಗಳು ಆರೋಗ್ಯವಾಗಿದ್ದಾಗ ಮಾತು ಬೇರೆ. ಎಡೆಲ್‌ಹಾಫ್ ಮತ್ತು ಸೋರೆನ್ಸೆನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಮುಂಬಲ್ಲಿಗೆ ಪೂರ್ಣ ಕ್ಯಾಪ್ ಕೂರಿಸಲು ಒಸಡಿನ ಮೇಲೆ ಕಾಣುವ ಹಲ್ಲಿನ ಶೇ. 63ರಿಂದ 72ರಷ್ಟು ಭಾಗವನ್ನು ತೇಯಬೇಕಾಗುತ್ತದೆ. ಎನಾಮೆಲ್ ಎಂಬ ಹೊರಕವಚವು ಚರ್ಮದಂತೆ ಮತ್ತೆ ಬೆಳೆಯುವ ವಸ್ತುವಲ್ಲ. ಒಮ್ಮೆ ಹೋದರೆ ಹೋಯಿತು. ತೇಯ್ದ ಹಲ್ಲುಗಳಲ್ಲಿ ಕೆಲವು ಕಾಲಾಂತರದಲ್ಲಿ ನರ ಸತ್ತು ಬೇರಿನ ಚಿಕಿತ್ಸೆಗೆ ಬರುತ್ತವೆ. ಕ್ಯಾಪಿನ ಅಂಚಿನಲ್ಲಿ ಹುಳುಕು ಹಿಡಿಯುವುದೂ ಉಂಟು. ಹದಿಹರೆಯದ ಮಕ್ಕಳ ಹಲ್ಲಿನೊಳಗೆ ನರವಿರುವ ಕೋಣೆ ಇನ್ನೂ ದೊಡ್ಡದಾಗಿರುವುದರಿಂದ ಅವರಲ್ಲಿ ಈ ಅಪಾಯ ಹೆಚ್ಚು. ಹದಿನೈದರಲ್ಲಿ ತೇಯ್ದ ಹಲ್ಲಿನ ಬ್ರಿಡ್ಜನ್ನು ಆ ವ್ಯಕ್ತಿ ತನ್ನ ಜೀವಮಾನದಲ್ಲಿ ಹಲವು ಬಾರಿ ಬದಲಿಸಬೇಕಾಗಬಹುದು. ಪ್ರತಿ ಸಲವೂ ಹಲ್ಲಿನ ಒಂದಿಷ್ಟು ಭಾಗ ಸವೆಯುತ್ತ ಹೋಗುತ್ತದೆ.

ಅಂಟಿಸಿ ನಿಲ್ಲಿಸುವ ಹಲ್ಲು

ತೇಯುವಿಕೆಯನ್ನು ತಪ್ಪಿಸುವ ದಾರಿ ತೆರೆದದ್ದು 1955ರಲ್ಲಿ. ಅಮೆರಿಕೆಯ ದಂತವಿಜ್ಞಾನಿ ಮೈಕೆಲ್ ಬ್ಯೂನೊಕೋರ್, ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುವುದನ್ನು ಗಮನಿಸಿ, ಅದನ್ನೇ ಎನಾಮೆಲಿನ ಮೇಲೆ ಪ್ರಯೋಗಿಸಿದರು. ಆಮ್ಲ ತಾಗಿದ ಎನಾಮೆಲಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮ ರಂಧ್ರಗಳು ಉಂಟಾಗುತ್ತವೆ. ದ್ರವರೂಪದ ಅಂಟು ಆ ರಂಧ್ರಗಳೊಳಗಿಳಿದು ಗಟ್ಟಿಯಾದರೆ, ಗಿಡದ ಬೇರು ಮಣ್ಣನ್ನು ಹಿಡಿಯುವಂತೆ ಹಲ್ಲನ್ನು ಹಿಡಿಯುತ್ತದೆ. 1973ರಲ್ಲಿ ರೊಶೆಟ್ ಎಂಬುವರು ರಂಧ್ರಗಳಿರುವ ತೆಳು ಲೋಹದ ಪಟ್ಟಿಯನ್ನು ಹೀಗೆ ಹಲ್ಲಿನ ಹಿಂಬದಿಗೆ ಅಂಟಿಸುವ ಕ್ರಮವನ್ನು ವಿವರಿಸಿದರು. 1980ರ ದಶಕದ ಆರಂಭದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿವಾಡಿಟಿಸ್ ಮತ್ತು ಥಾಂಪ್ಸನ್ ಅದನ್ನು ಸುಧಾರಿಸಿದರು. ಅಂದಿನಿಂದ ಅದಕ್ಕೆ ಮೇರಿಲ್ಯಾಂಡ್ ಬ್ರಿಡ್ಜ್ ಎಂಬ ಹೆಸರು ನಿಂತಿತು.

ಇದರ ರಚನೆ ಸರಳ. ಕೃತಕ ಹಲ್ಲಿಗೆ ಪಕ್ಕದಲ್ಲಿ ತೆಳುವಾದ ರೆಕ್ಕೆಯೊಂದಿರುತ್ತದೆ. ಆ ರೆಕ್ಕೆಯನ್ನು ನೆರೆಯ ಹಲ್ಲಿನ ಹಿಂಬದಿಗೆ, ಅಂದರೆ ನಾಲಿಗೆಯ ಕಡೆಗೆ, ಅಂಟಿಸಲಾಗುತ್ತದೆ. ಎದುರಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ನೆರೆಯ ಹಲ್ಲನ್ನು ತೇಯುವ ಅಗತ್ಯವೇ ಬೀಳದು, ಇಲ್ಲವೇ ಎನಾಮೆಲಿನ ಮೇಲ್ಪದರವನ್ನು ಅಲ್ಪ ಪ್ರಮಾಣದಲ್ಲಿ ಸರಿಪಡಿಸಿದರೆ ಸಾಕು. ಅನೇಕ ಸಂದರ್ಭಗಳಲ್ಲಿ ಅರಿವಳಿಕೆಯ ಸೂಜಿಯೂ ಬೇಕಾಗುವುದಿಲ್ಲ. ಮುಂದೊಂದು ದಿನ ಬೇರೆ ವಿಧಾನ ಬೇಕೆನಿಸಿದರೆ ರೆಕ್ಕೆಯನ್ನು ಬಿಡಿಸಬಹುದು. ಹಲ್ಲು ಹೆಚ್ಚುಕಡಿಮೆ ಮೊದಲಿದ್ದಂತೆಯೇ ಉಳಿದಿರುತ್ತದೆ. ಹಿಂದಿರುಗಲು ದಾರಿಯನ್ನು ಉಳಿಸಿಕೊಡುವುದೇ ಈ ಬ್ರಿಡ್ಜಿನ ದೊಡ್ಡ ಗುಣ.

ಎರಡು ರೆಕ್ಕೆಗಿಂತ ಒಂದೇ ಲೇಸು

ಎರಡೂ ಕಡೆ ರೆಕ್ಕೆಯಿದ್ದರೆ ಹೆಚ್ಚು ಭದ್ರವೆಂದು ಯಾರಿಗಾದರೂ ತೋರುತ್ತದೆ. ಅನುಭವ ಬೇರೆಯದನ್ನೇ ಕಲಿಸಿತು. ಅಗಿಯುವಾಗ ಪ್ರತಿಯೊಂದು ಹಲ್ಲೂ ತನ್ನದೇ ದಿಕ್ಕಿನಲ್ಲಿ ಕೂದಲೆಳೆಯಷ್ಟು ಅಲುಗುತ್ತದೆ. ಎರಡು ಹಲ್ಲುಗಳನ್ನು ಒಟ್ಟಿಗೆ ಬಿಗಿದಾಗ ಆ ಎಳೆದಾಟದಲ್ಲಿ ಒಂದು ಕಡೆಯ ಅಂಟು ಸಡಿಲಗೊಳ್ಳುತ್ತದೆ. ಮತ್ತೊಂದು ರೆಕ್ಕೆ ಹಿಡಿದಿರುವುದರಿಂದ ಬ್ರಿಡ್ಜ್ ಬೀಳುವುದಿಲ್ಲ, ರೋಗಿಗೆ ತಿಳಿಯುವುದೂ ಇಲ್ಲ. ಸಡಿಲಗೊಂಡ ರೆಕ್ಕೆಯ ಅಡಿಯಲ್ಲಿ ಅನ್ನದ ಅಂಶ ಸೇರಿ, ಆರೋಗ್ಯವಂತ ಹಲ್ಲು ಒಳಗೊಳಗೆ ಹುಳುಕಾಗುತ್ತದೆ.

ಒಂದೇ ರೆಕ್ಕೆಯಿದ್ದರೆ ಈ ಎಳೆದಾಟವಿಲ್ಲ. ನಮ್ಮ ಮನೆಗಳ ಕಿಟಕಿಯ ಮೇಲಿನ ಸಜ್ಜವು ಒಂದೇ ಗೋಡೆಯ ಆಸರೆಯಿಂದ ಹೊರಚಾಚಿ ನಿಲ್ಲುವಂತೆ, ಕೃತಕ ಹಲ್ಲು ಒಂದೇ ನೆರೆಹಲ್ಲಿನ ಆಸರೆಯಿಂದ ನಿಲ್ಲುತ್ತದೆ. ಅಂಟು ಬಿಟ್ಟರೆ ಅದು ಕೈಗೆ ಬರುತ್ತದೆ; ಸ್ವಚ್ಛಗೊಳಿಸಿ ಮತ್ತೆ ಅಂಟಿಸಬಹುದು. ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಮಥಿಯಾಸ್ ಕೆರ್ನ್ ಮತ್ತು ಸಂಗಡಿಗರು ಜಿರ್ಕೋನಿಯಾ ಎಂಬ ಬಿಳಿಯ ಪಿಂಗಾಣಿ ವಸ್ತುವಿನಿಂದ ಮಾಡಿದ ಇಂತಹ 108 ಒಂಟಿ ರೆಕ್ಕೆಯ ಬ್ರಿಡ್ಜ್‌ಗಳ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ಉಳಿವಿನ ಪ್ರಮಾಣ ಶೇ. 98ಕ್ಕಿಂತ ಹೆಚ್ಚಿತ್ತು. ಇವೆಲ್ಲ ಬಾಚಿಹಲ್ಲುಗಳ ಜಾಗದಲ್ಲಿ, ನುರಿತ ಕೈಗಳಿಂದ, ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಆದವು ಎಂಬುದನ್ನೂ ನೆನಪಿಡಬೇಕು. ಅಂಟಿಸುವಾಗ ಹಲ್ಲು ಪೂರ್ಣವಾಗಿ ಒಣಗಿರಬೇಕು. ಎಂಜಲಿನ ಒಂದು ಹನಿ ತಾಗಿದರೂ ಹಿಡಿತ ಕೆಡುತ್ತದೆ. ಆದ್ದರಿಂದ ಈ ಕೆಲಸದ ಯಶಸ್ಸು ವಸ್ತುವಿನಷ್ಟೇ ವೈದ್ಯರ ತಾಳ್ಮೆಯನ್ನೂ ಅವಲಂಬಿಸಿದೆ.

ಇದರ ಮಿತಿಗಳನ್ನೂ ಹೇಳಬೇಕು. ಕಚ್ಚಿದಾಗ ಕೆಳಗಿನ ಹಲ್ಲುಗಳು ಮೇಲಿನವುಗಳ ಹಿಂಬದಿಗೆ ಬಿಗಿಯಾಗಿ ತಾಗುವವರಲ್ಲಿ ರೆಕ್ಕೆಗೆ ಜಾಗ ಸಾಲದು. ರಾತ್ರಿ ಹಲ್ಲು ಕಡಿಯುವವರಲ್ಲಿ ಬೇಗ ಬಿಡುತ್ತದೆ. ನೆರೆಹಲ್ಲು ಮುರಿದಿದ್ದರೆ ಅಥವಾ ಅಲುಗುತ್ತಿದ್ದರೆ ಆಸರೆ ಸಿಗದು. ಕೂಡಿಸಿದ ಮೇಲೆಯೂ ಕಬ್ಬು ಸಿಗಿಯುವುದು, ಖಟಕ್ ರೊಟ್ಟಿಯನ್ನು ಮುಂಬಲ್ಲಿನಿಂದ ಮುರಿಯುವುದು, ಸೀಸೆಯ ಮುಚ್ಚಳ ಕಚ್ಚಿ ತೆಗೆಯುವುದು ಬೇಡ.

ನಮ್ಮ ನೀರು, ನಮ್ಮ ಹಲ್ಲು

ಈ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಪಾಲಮೂರು ಜಿಲ್ಲೆಯಲ್ಲಿಯೂ ನದಿಯಾಚೆಯ ರಾಯಚೂರು, ಯಾದಗಿರಿಗಳಲ್ಲಿಯೂ ಕಲ್ಲುನೆಲದ ಆಳದಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಮಿತಿಮೀರಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ ಇಂತಹ ನೀರು ಕುಡಿದ ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆ, ಹಳದಿ ಅಥವಾ ಕಂದು ಗೆರೆ ಮೂಡುತ್ತವೆ. ಉಜ್ಜಿದರೆ ಅವು ಹೋಗುವುದಿಲ್ಲ. ಅದು ಮಗುವಿನ ಸೋಮಾರಿತನವೂ ಅಲ್ಲ.

ಅಂಟಿಸುವ ಬ್ರಿಡ್ಜಿಗೂ ಇದಕ್ಕೂ ಸಂಬಂಧವಿದೆ. ಫ್ಲೋರೈಡ್ ಹೆಚ್ಚಾಗಿ ಸೇರಿದ ಎನಾಮೆಲಿನ ಹೊರಪದರವು ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಎಲ್ಲರಿಗೂ ಬಳಸುವ ಅವಧಿಯಷ್ಟೇ ಆಮ್ಲ ಹಚ್ಚಿದರೆ ರಂಧ್ರಗಳು ಸಾಕಷ್ಟು ಮೂಡದೆ, ಅಂಟು ಬೇಗ ಬಿಡಬಹುದು. ಮಚ್ಚೆಗಳು ಸೌಮ್ಯವಾಗಿದ್ದರೆ ವೈದ್ಯರು ಆಮ್ಲದ ಅವಧಿಯನ್ನು ಹೆಚ್ಚಿಸಿಯೋ ಮೇಲ್ಪದರವನ್ನು ತುಸು ಒರಟಾಗಿಸಿಯೋ ಹಿಡಿತ ಪಡೆಯಬಲ್ಲರು. ಹಲ್ಲು ಗುಳಿಬಿದ್ದು ಉದುರುವಷ್ಟು ತೀವ್ರವಾಗಿದ್ದರೆ ಬೇರೆ ವಿಧಾನವೇ ಸೂಕ್ತವಾಗಬಹುದು. ಬೇರೆ ಊರಿನ ವೈದ್ಯರಲ್ಲಿಗೆ ಹೋದಾಗ, ಮಗು ಚಿಕ್ಕಂದಿನಲ್ಲಿ ಯಾವ ಊರಿನಲ್ಲಿ ಬೆಳೆಯಿತು, ಯಾವ ನೀರು ಕುಡಿಯಿತು ಎಂಬುದನ್ನು ಕೇಳದಿದ್ದರೂ ಹೇಳಬೇಕು.

ಎಳೆಯ ತಮ್ಮ ತಂಗಿಯರಿರುವ ಮನೆಗಳಿಗೆ ಇನ್ನೊಂದು ಮಾತು: ನಲ್ಲಿಯಲ್ಲಿ ಶುದ್ಧೀಕರಿಸಿದ ನದಿನೀರು ಬರುತ್ತಿದ್ದರೆ, ರುಚಿಯ ಕಾರಣಕ್ಕೆ ಬೋರ್‌ವೆಲ್ ನೀರಿಗೆ ಮರಳಬಾರದು. ಹಿರಿಯ ಮಗುವಿನ ಹಲ್ಲಿನ ಮಚ್ಚೆಯನ್ನು ಅಳಿಸಲಾಗದಿದ್ದರೂ ಕಿರಿಯದರ ಹಲ್ಲನ್ನು ಉಳಿಸಬಹುದು.

ಮಕ್ಕಳಿಗೆ ಇಂಪ್ಲಾಂಟ್ ಏಕೆ ಸಲ್ಲದು

ಎಲುಬಿನಲ್ಲಿ ಟೈಟಾನಿಯಂ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸುವ ಇಂಪ್ಲಾಂಟ್ ವಿಧಾನವು ಪಕ್ಕದ ಹಲ್ಲುಗಳನ್ನು ಮುಟ್ಟುವುದೇ ಇಲ್ಲ. ವಯಸ್ಕರಿಗೆ ಅದು ಉತ್ತಮ ಆಯ್ಕೆ. ಬೆಳೆಯುವ ಮಗುವಿಗೆ ಮಾತ್ರ ಅದು ಹೊಂದದು. ನೈಜ ಹಲ್ಲುಗಳು ದವಡೆಯ ಬೆಳವಣಿಗೆಯೊಂದಿಗೆ ಕೆಳಗಿಳಿಯುತ್ತ ಸಾಗುತ್ತವೆ. ಎಲುಬಿಗೆ ಬೆಸೆದುಕೊಂಡ ತಿರುಪು ಇದ್ದಲ್ಲಿಯೇ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಕೃತಕ ಹಲ್ಲು ಸಾಲಿಗಿಂತ ಮೇಲೆ ಹುದುಗಿದಂತೆ ಕಾಣತೊಡಗುತ್ತದೆ. ಮುಖದ ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸುಮಾರಾಗಿ ಹುಡುಗಿಯರಲ್ಲಿ ಹದಿನೆಂಟು, ಹುಡುಗರಲ್ಲಿ ಇಪ್ಪತ್ತು ಇಪ್ಪತ್ತೊಂದರವರೆಗೆ ಕಾಯುವುದು ವಾಡಿಕೆ. ಆ ವರ್ಷಗಳ ನಂತರವೂ ವೈದ್ಯರು ಪರೀಕ್ಷಿಸಿಯೇ ನಿರ್ಧರಿಸಬೇಕು.

ಈ ನಡುವಿನ ವರ್ಷಗಳಿಗೆ ಅಂಟಿಸುವ ಬ್ರಿಡ್ಜ್ ಒದಗಿಬರುತ್ತದೆ. ನೆರೆಹಲ್ಲು ಇನ್ನೂ ಪೂರ್ಣವಾಗಿ ಹೊರಬಾರದ ಚಿಕ್ಕ ಮಕ್ಕಳಿಗೆ, ತೆಗೆದು ತೊಳೆದು ಹಾಕಿಕೊಳ್ಳುವ ಸಣ್ಣ ಪ್ಲೇಟಿನ ಹಲ್ಲು ಸಾಕಾಗುತ್ತದೆ. ಮಗು ಬೆಳೆದಂತೆ ಅದನ್ನು ಬದಲಿಸಬೇಕು. ಹಲ್ಲಿನ ಸಾಲೇ ವಕ್ರವಾಗಿದ್ದರೆ, ತಂತಿಯ ಚಿಕಿತ್ಸೆಯಿಂದ ಇರುವ ಹಲ್ಲುಗಳನ್ನು ಸರಿಸಿ ಜಾಗವನ್ನೇ ಮುಚ್ಚುವುದೂ ಸಾಧ್ಯ. ಆಗ ಕೃತಕ ಹಲ್ಲಿನ ಅಗತ್ಯವೇ ಇರುವುದಿಲ್ಲ.

ದವಡೆಹಲ್ಲು ಹೋದರೆ

ಹಿಂದಿನ ದವಡೆಹಲ್ಲುಗಳ ಮೇಲೆ ಅಗಿಯುವ ಭಾರ ಹೆಚ್ಚು. ಅಲ್ಲಿ ಒಂಟಿ ರೆಕ್ಕೆಯ ಬ್ರಿಡ್ಜಿಗೆ ಮುಂಭಾಗದಷ್ಟು ಭರವಸೆಯಿಲ್ಲ. ಪಕ್ಕದ ಹಲ್ಲುಗಳಲ್ಲಿ ಈಗಾಗಲೇ ತುಂಬುವಿಕೆಗಳಿದ್ದರೆ, ಆ ಕುಳಿಗಳನ್ನೇ ಬಳಸಿಕೊಂಡು ಕ್ಯಾಪಿಲ್ಲದೆ ಬ್ರಿಡ್ಜ್ ಕೂರಿಸುವ ಕ್ರಮವಿದೆ. ವಯಸ್ಕರಿಗೆ ಇಂಪ್ಲಾಂಟ್ ಇದೆ. ಎಲ್ಲ ಹಲ್ಲನ್ನೂ ಕಟ್ಟಿಸಲೇಬೇಕೆಂಬ ನಿಯಮವೂ ಇಲ್ಲ. ನೆದರ್ಲೆಂಡ್ಸ್‌ನ ಕೈಸರ್ ಎಂಬ ದಂತವಿಜ್ಞಾನಿ 1981ರಲ್ಲಿ ತೋರಿಸಿಕೊಟ್ಟಂತೆ, ಕೊನೆಯ ದವಡೆಹಲ್ಲುಗಳಿಲ್ಲದೆಯೂ ಮೇಲೆ ಕೆಳಗೆ ಎದುರುಬದುರಾಗಿ ಕೂಡುವ ಇಪ್ಪತ್ತರಷ್ಟು ಹಲ್ಲುಗಳಿದ್ದರೆ ಅನೇಕರು ಸಮಾಧಾನಕರವಾಗಿ ಊಟ ಮಾಡಬಲ್ಲರು. ಆದರೆ ನಡುವಿನ ಜಾಗವನ್ನು ಖಾಲಿ ಬಿಟ್ಟರೆ ಪಕ್ಕದ ಹಲ್ಲು ವಾಲುವುದು, ಎದುರಿನದು ಉದ್ದವಾಗುವುದು ಆಗಬಹುದು. ಖಾಲಿ ಬಿಡುವುದಾದರೂ ವೈದ್ಯರೊಂದಿಗೆ ವಿಚಾರಮಾಡಿಯೇ ಬಿಡಬೇಕು.

ಸಂತೆಯಲ್ಲಿ ಅಗ್ಗವಾಗಿ ಕೂರಿಸುವ ಹಲ್ಲು

ಸಂತೆ ಜಾತ್ರೆಗಳ ಬದಿಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಹಲ್ಲು ಕೂರಿಸಿಕೊಡುವವರು ಇಂದಿಗೂ ಇದ್ದಾರೆ. ತೆಗೆಯಬಾರದ, ಕದಲದ ಹಲ್ಲು ಎಂದು ಅವರು ಹೇಳುವುದನ್ನು ಕೇಳಿದರೆ, ಇದೂ ಅಂಟಿಸುವ ಬ್ರಿಡ್ಜೇ ಅಲ್ಲವೆ ಎಂದೆನಿಸಬಹುದು. ಎರಡಕ್ಕೂ ಅಜಗಜಾಂತರವಿದೆ. ಅಲ್ಲಿ ಪ್ಲಾಸ್ಟಿಕ್ ಹಿಟ್ಟನ್ನು ಬಾಯಲ್ಲಿಯೇ ಕಲಸಿದಂತೆ ಒಸಡಿನ ಮೇಲೂ ನೆರೆಹಲ್ಲುಗಳ ಸುತ್ತಲೂ ಮೆತ್ತಿ ತಂತಿಯಿಂದ ಬಿಗಿಯುತ್ತಾರೆ. ಅದರಡಿ ಬ್ರಷ್ ಹೋಗುವುದಿಲ್ಲ. ಒಸಡು ಕೊಳೆತು ಎಲುಬು ಕರಗಿ, ಕೊನೆಗೆ ಆಸರೆ ಕೊಟ್ಟ ಹಲ್ಲುಗಳೂ ಬೀಳುತ್ತವೆ. ಕಾನೂನಿನ ಪ್ರಕಾರ ನೋಂದಣಿ ಪಡೆದವರು ಮಾತ್ರ ದಂತಚಿಕಿತ್ಸೆ ಮಾಡಬಹುದು. ನೋಂದಣಿ ಸಂಖ್ಯೆಯನ್ನು ಕೇಳುವುದು ಅವಿನಯವಲ್ಲ.

ಎಲ್ಲಿಗೆ ಹೋಗುವುದು, ಏನು ಕೇಳುವುದು

ಮಕ್ತಲ ಮತ್ತು ಗದ್ವಾಲದವರಿಗೆ ರಾಯಚೂರು ಹತ್ತಿರ. ಅಲ್ಲಿ ನವೋದಯ ಹಾಗೂ ಎ.ಎಂ.ಇ. ಎಂಬ ಎರಡು ದಂತವೈದ್ಯಕೀಯ ಕಾಲೇಜುಗಳಿವೆ. ಮಾತುಕತೆಗೆ ಕನ್ನಡವೂ ಒದಗುತ್ತದೆ. ನಾರಾಯಣಪೇಟೆಯವರಿಗೆ ಮಹಬೂಬನಗರದ ಎಸ್.ವಿ.ಎಸ್. ದಂತ ಕಾಲೇಜು ಇದೆ. ಹೈದರಾಬಾದಿನಲ್ಲಿ ಸರ್ಕಾರಿ ದಂತ ಕಾಲೇಜು ಮತ್ತು ಆಸ್ಪತ್ರೆ ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಶುಲ್ಕ ಕಡಿಮೆ, ಭೇಟಿಗಳು ಹೆಚ್ಚು. ಕೃತಕ ಹಲ್ಲಿನ ವಿಭಾಗಕ್ಕೆ ಪ್ರಾಸ್ಥೊಡಾಂಟಿಕ್ಸ್ ಎಂದೂ ಮಕ್ಕಳ ವಿಭಾಗಕ್ಕೆ ಪೀಡೊಡಾಂಟಿಕ್ಸ್ ಎಂದೂ ಫಲಕವಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ತಪಾಸಣೆಗೆ ಬಂದಾಗ ಹಲ್ಲನ್ನೂ ತೋರಿಸಬೇಕು. ದಂತಸಮಸ್ಯೆಗಳು ಅವರ ಪಟ್ಟಿಯಲ್ಲಿಯೇ ಇವೆ.

ವೈದ್ಯರ ಎದುರು ಕುಳಿತಾಗ ಮಾತು ಮರೆಯದಂತೆ ಈ ಪ್ರಶ್ನೆಗಳನ್ನು ಬರೆದೊಯ್ಯಬಹುದು. ತೆಲುಗಿನಲ್ಲಿ ಕೇಳುವ ಮಗುವೇ ಮನೆಯಲ್ಲಿದ್ದರೆ, ಅದರ ಕೈಯಲ್ಲೇ ಕೇಳಿಸಬಹುದು.

1. ಪಕ್ಕದ ಹಲ್ಲುಗಳು ಆರೋಗ್ಯವಾಗಿವೆಯೆ? ಅವುಗಳನ್ನು ತೇಯಬೇಕೆ? ಎಷ್ಟು?

2. ತೇಯದೆ ಅಂಟಿಸುವ ಮೇರಿಲ್ಯಾಂಡ್ ಬ್ರಿಡ್ಜ್ ಈ ಬಾಯಿಗೆ ಹೊಂದುತ್ತದೆಯೆ? ಹೊಂದದಿದ್ದರೆ ಕಾರಣವೇನು?

3. ರೆಕ್ಕೆ ಒಂದೋ, ಎರಡೋ? ಲೋಹದ್ದೋ, ಜಿರ್ಕೋನಿಯಾದ್ದೋ?

4. ಈ ಹಲ್ಲುಗಳಲ್ಲಿ ಫ್ಲೋರೈಡ್ ಮಚ್ಚೆಗಳಿವೆಯೆ? ಅಂಟಿಗೆ ಅದರಿಂದ ತೊಂದರೆಯೆ?

5. ಅಂಟು ಬಿಟ್ಟರೆ ಮತ್ತೆ ಅಂಟಿಸಿಕೊಡುವಿರಾ? ಅದಕ್ಕೆ ಬೇರೆ ಶುಲ್ಕವಿದೆಯೆ?

6. ಪ್ರಯೋಗಾಲಯದ ಖರ್ಚೂ ಸೇರಿ ಒಟ್ಟು ಎಷ್ಟಾಗುತ್ತದೆ? ಬರೆದುಕೊಡುವಿರಾ?

ಬ್ರಿಡ್ಜ್ ಕೂಡಿಸಿದ ಮೇಲೆ ದಿನಕ್ಕೆರಡು ಬಾರಿ ಹಲ್ಲುಜ್ಜುವುದರ ಜೊತೆಗೆ ಕೃತಕ ಹಲ್ಲಿನ ಅಡಿಯಲ್ಲಿ ದಾರ ಎಳೆದು ಸ್ವಚ್ಛಗೊಳಿಸುವುದನ್ನು ವೈದ್ಯರಿಂದಲೇ ಕಲಿಯಬೇಕು. ಆರು ತಿಂಗಳಿಗೊಮ್ಮೆ ತೋರಿಸಬೇಕು.

ಕೊನೆಯದಾಗಿ ಶಾಲೆಗಳಿಗೊಂದು ವಿನಂತಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿಡಿ: ಬಿದ್ದ ಹಲ್ಲನ್ನು ಹುಡುಕಿ, ಬೇರನ್ನು ಮುಟ್ಟಬೇಡಿ, ಹಾಲಿನಲ್ಲಿಡಿ, ಒಂದು ಗಂಟೆಯೊಳಗೆ ವೈದ್ಯರನ್ನು ಮುಟ್ಟಿಸಿ. ಆಟದ ಬಯಲಿಗೆ ಹತ್ತಿರವಿರುವ ಮನೆಯಲ್ಲಿ ಒಂದು ಲೋಟ ಹಾಲು ಸದಾ ಸಿಗುತ್ತದೆ. ಅದನ್ನು ಕೇಳಬೇಕೆಂದು ತಿಳಿದ ಒಬ್ಬ ಗುರುಗಳೋ ಒಬ್ಬ ಹಿರಿಯ ವಿದ್ಯಾರ್ಥಿಯೋ ಅಲ್ಲಿದ್ದರೆ, ಈ ಲೇಖನದಲ್ಲಿ ಹೇಳಿದ ಯಾವ ಬ್ರಿಡ್ಜೂ ಆ ಮಗುವಿಗೆ ಬೇಕಾಗದಿರಬಹುದು.